ಗುಂಡಿ ಹೂವಿನ ಕಲ್ಲು

ನಮ್ಮ ಮಗಳು ಚಿಟಿಕೆಗೆ ಇನ್ನೂ ಕತ್ತು ನಿಂತಿರಲಿಲ್ಲ. ಆಗ ನನ್ನ ಗಂಡ ನನಗೊಂದು ಮಾತು ಕೊಟ್ಟರು.

ಇಬ್ಬರು ಆಳುಗಳು ದೊಡ್ಡ ಗಾಜಿನ ತೊಟ್ಟಿಯೊಂದನ್ನು ಓರೆ ಮಾಡಿಕೊಂಡು, ಏದುಸಿರು ಬಿಡುತ್ತ, ನಮ್ಮ ಮನೆಯ ಮೆಟ್ಟಿಲು ಹತ್ತಿಸುತ್ತಿದ್ದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದೆ.

"ಸಮುದ್ರದ ಪ್ರಾಣಿ ಅಂದ್ರೆ ಕಚ್ಚೋದು, ಚುಚ್ಚೋದು, ವಿಷ ಕಾರೋದು ಎಲ್ಲಾ ಇರುತ್ತೆ. ನಾಳೆ ಇವಳು ಅಂಬೆಗಾಲು ಇಡ್ತಾಳೆ, ನಾಳಿದ್ದು ಅದರೊಳಗೆ ಕೈ ಇಡ್ತಾಳೆ. ಆಗ ಏನ್ರೀ ಮಾಡೋದು?"

"ಅಪಾಯದ್ದು ಒಂದನ್ನೂ ಈ ಮನೆಯೊಳಗೆ ತರಲ್ಲ. ಮಾತು ಕೊಡ್ತೀನಿ, ಸಾಕಾ? ಈಗ ದಾರಿ ಬಿಡು ಮಾರಾಯ್ತಿ, ಪಾಪ ಅವರ ಕೈ ಸೋಲ್ತಿದೆ."

ದಾರಿ ಬಿಟ್ಟೆ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಪೆಟ್ಟಿಗೆಯೊಳಗೆ ಸಿಕ್ಕಿಹಾಕಿಕೊಂಡವರನ್ನು ಬಿಡಿಸಿ ಬರುವ ಮನುಷ್ಯನಿಗೆ, ಮನೆಗೆ ಬಂದ ಮೇಲೆ ಇನ್ನೊಂದು ಪೆಟ್ಟಿಗೆಯ ಮುಂದೆ ಕೂರುವುದೇ ವಿಶ್ರಾಂತಿ. ತೊಟ್ಟಿಯಲ್ಲಿ ಉಪ್ಪುನೀರು, ತಳದಲ್ಲಿ ಬಿಳಿ ಮರಳು, ಅದರ ಮೇಲೆ ತೂತು ತೂತಾದ ಕಲ್ಲುಗಳು, ಕಲ್ಲಿನ ಮೇಲೆ ಜೀವಂತ ಹವಳ. ಮೀನಿನಂಗಡಿಯವನು ವಿಷಮುಳ್ಳಿನ ಮೀನು ಕೊಡುತ್ತೇನೆಂದು ಎಷ್ಟು ಸಲ ದುಂಬಾಲು ಬಿದ್ದರೂ ಇವರು ತಂದವರಲ್ಲ. "ಮನೇಲಿ ಮಗು ಇದೆ" ಎಂದು ಹೇಳಿ ಬಂದುಬಿಡುತ್ತಿದ್ದರು. ಹಾಗಾಗಿ ಕೊಟ್ಟ ಮಾತಿನ ನೆನಪೇ ನನಗೆ ಬೇಕಾಗಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

ಆ ತೊಟ್ಟಿಯಲ್ಲಿ ನಾನೇ ಆರಿಸಿ ತಂದದ್ದು ಒಂದೇ ಒಂದು. ನನ್ನದು ಬೀದಿಯ ಮೂಲೆಯಲ್ಲಿ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಅಂಗಡಿ. ಚಿಟಿಕೆ ನಡೆಯಲು ಕಲಿತ ಕಾಲದಲ್ಲಿ ಒಮ್ಮೆ ಮೀನಿನಂಗಡಿಗೆ ಹೋಗಿದ್ದಾಗ ಅಂಗೈ ಅಗಲದ ಒಂದು ಕಲ್ಲು ಕಂಡಿತು. ಅದರ ಮೇಲೆ ಹಸಿರು ಅಂಚಿನ, ನಡುವೆ ಕಿತ್ತಳೆ ಬಣ್ಣದ, ಕೋಟಿನ ಗುಂಡಿಗಳಷ್ಟೇ ದುಂಡಗಿನ ಹೂವುಗಳು. ನೀರು ಅಲುಗಿದಾಗ ಅವೂ ಅಲುಗುತ್ತಿದ್ದವು. "ಇಂಥ ಗುಂಡಿ ನನ್ನ ಡಬ್ಬಿಯಲ್ಲೂ ಇಲ್ಲ ನೋಡ್ರೀ" ಎಂದೆ. ಇವರು ಮರುಮಾತಾಡದೆ ಕೊಂಡರು. ಕಲ್ಲು ಬೆಳೆಯಲಿಲ್ಲ, ಹೂವುಗಳು ಬೆಳೆದವು. ಪಕ್ಕದ ಕಲ್ಲಿಗೂ ಹಬ್ಬಿದವು. ಮನೆಗೆ ಬಂದವರೆಲ್ಲ ಮೀನಿಗಿಂತ ಮೊದಲು ಅವನ್ನೇ ನೋಡುತ್ತಿದ್ದರು.

ಮನೆಯಲ್ಲಿದ್ದ ನಾಲ್ಕನೆಯವರು ನನ್ನ ಅತ್ತೆ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದು, ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಜೊತೆ ಇರಲು ಬಂದವರು. ಅಲ್ಲಿ ಅವರ ಕೆಲಸ ಕುದಿಸುವುದು. ಕತ್ತರಿ, ಇಕ್ಕಳ, ಹಾಲಿನ ಬಾಟಲಿ, ಹಸುಗೂಸು ಸುತ್ತುವ ಬಟ್ಟೆ, ಎಲ್ಲವನ್ನೂ ದೊಡ್ಡ ಡ್ರಮ್ಮಿನಲ್ಲಿ ಕುದಿಸಿ ಕುದಿಸಿ ಅವರ ಕೈಬೆರಳ ಚರ್ಮವೇ ಗಟ್ಟಿಯಾಗಿತ್ತು. ಮನೆಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಒಮ್ಮೆ ನನ್ನ ಅಳತೆ ಟೇಪನ್ನೂ ಕುದಿಸಿ ಒಣಹಾಕಿದ್ದರು. ಅದು ಕುಗ್ಗಿದ್ದು ಗೊತ್ತಾಗದೆ, ನನ್ನ ಗಿರಾಕಿಗಳೆಲ್ಲ ಒಂದೇ ವಾರದಲ್ಲಿ ದಪ್ಪಗಾಗಿಬಿಟ್ಟರು.

"ಕುದಿಸಿದ್ರೆ ಸಾಯದ ಹುಳ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ ಕಣೇ" ಎನ್ನುತ್ತಿದ್ದರು ಅತ್ತೆ. ಅವರ ಕೈಕೆಳಗೆ ಬೆಳೆದ ಮಕ್ಕಳಾರಿಗೂ ಕಜ್ಜಿಯೂ ಆಗಿರಲಿಲ್ಲ, ಎದುರಾಡುವುದು ಹೇಗೆ?

ರೋಗ ಬಂದದ್ದು ಒಂದು ಬೆಳಗ್ಗೆ. ನಾನು ಚಿಟಿಕೆಯ ಜಡೆ ಹಾಕುತ್ತಿದ್ದೆ. ಅವಳು ಅರ್ಧ ಜಡೆಯಲ್ಲೇ ತಲೆ ಎಳೆದುಕೊಂಡು ತೊಟ್ಟಿಯ ಹತ್ತಿರ ಓಡಿದಳು.

"ಅಪ್ಪಾ, ಬಾ ಇಲ್ಲಿ! ನೀಲಿರಾಯನ ಮೈಮೇಲೆ ಯಾರೋ ಉಪ್ಪು ಉದುರಿಸಿದ್ದಾರೆ!"

ನೀಲಿರಾಯ ಎಂದರೆ ಅವಳ ಅಚ್ಚುಮೆಚ್ಚಿನ ಕಡುನೀಲಿ ಮೀನು. ಅತ್ತೆ ತಮ್ಮ ಕುರ್ಚಿಯಿಂದಲೇ, "ಉಪ್ಪುನೀರಲ್ಲಿ ಬಿದ್ದಿರೋನಿಗೆ ಉಪ್ಪಲ್ದೆ ಸಕ್ಕರೆ ಅಂಟುತ್ತೇನೇ?" ಎಂದರು. ನಾನು ನಕ್ಕೆ. ಇವರು ನಗಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಗಾಜಿಗೆ ಮೂಗು ಒತ್ತಿ ನೋಡಿದರು. ಮೀನು ತನ್ನ ಪಕ್ಕೆಯನ್ನು ಕಲ್ಲಿಗೆ ತಿಕ್ಕುತ್ತಿತ್ತು. ತುರಿಕೆ ತಾಳಲಾರದವರು ಕಂಬಕ್ಕೆ ಬೆನ್ನು ಉಜ್ಜುವ ಹಾಗೆ.

"ಬಂತು. ಆ ಹಳದಿ ಮೀನಿನ ಜೊತೆ ಬಂದಿದೆ" ಎಂದರು.

ಹಿಂದಿನ ವಾರ ಅಂಗಡಿಯಿಂದ ಒಂದು ಹಳದಿ ಮೀನು ತಂದಿದ್ದರು. ಹೊಸದನ್ನು ಬೇರೆ ಇಟ್ಟು ನೋಡಿ ಆಮೇಲೆ ತೊಟ್ಟಿಗೆ ಬಿಡುವುದು ಅವರ ಪದ್ಧತಿ. ಆ ವಾರ ಲಿಫ್ಟುಗಳು ಒಂದರ ಹಿಂದೊಂದು ಕೆಟ್ಟು, ಬಿಡುವಿಲ್ಲದೆ ನೇರವಾಗಿ ಬಿಟ್ಟಿದ್ದರು. ಅಷ್ಟೇ ಸಾಕಾಯಿತು.

ಸಂಜೆಯೊಳಗೆ ನೀಲಿರಾಯ ಸತ್ತ. ಬಲೆಯಲ್ಲಿ ಹಿಡಿದು ಎತ್ತುವಾಗಲೇ ಅವನ ಕಿವಿರು ಒಮ್ಮೆ ಅಗಲವಾಗಿ ತೆರೆದು ಹಾಗೇ ನಿಂತುಬಿಟ್ಟಿತು. ಚಿಟಿಕೆ ಅಳಲೂ ಇಲ್ಲ. ಬಾಯಿ ತೆರೆದುಕೊಂಡು ನಿಂತಿದ್ದಳು. ಬೆಳಗ್ಗೆ ಈಜುತ್ತಿದ್ದದ್ದು ಸಂಜೆಗೆ ಇಲ್ಲ ಎಂಬುದು ಅವಳಿಗೆ ಅದೇ ಮೊದಲು.

ಉಳಿದ ಮೀನುಗಳನ್ನು ಬಚ್ಚಲುಮನೆಯ ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ವರ್ಗ ಮಾಡಲಾಯಿತು. ಆ ರೋಗಕ್ಕೆ ತಾಮ್ರದ ಔಷಧಿ ಹಾಕಬೇಕಂತೆ. ಆದರೆ ತೊಟ್ಟಿಯಲ್ಲೇ ಹಾಕಿದರೆ ಹವಳವೆಲ್ಲ ಸಾಯುತ್ತದಂತೆ. ಹಾಗಾಗಿ ರೋಗಿಗಳು ಬಚ್ಚಲಲ್ಲಿ, ಮೀನಿಲ್ಲದ ತೊಟ್ಟಿ ಹಾಲ್‌ನಲ್ಲಿ. ನಾವು ಟಬ್ಬಿನ ಪಕ್ಕ ಒಂಟಿಕಾಲಲ್ಲಿ ನಿಂತು ಸ್ನಾನ ಮಾಡಿದೆವು. ಚಿಟಿಕೆ ಮಾತ್ರ ಸ್ನಾನಕ್ಕೆ ಹೋಗುವಾಗ ಟಬ್ಬಿನ ಮೇಲೆ ಟವಲು ಹೊದಿಸಿ, "ಯಾರೂ ನೋಡ್ಬೇಡಿ" ಎಂದು ಮೀನುಗಳಿಗೆ ಹೇಳುತ್ತಿದ್ದಳು.

"ಮತ್ತೆ ಯಾವಾಗ ತೊಟ್ಟಿಗೆ ಬಿಡೋದು?" ಎಂದು ಊಟದ ಹೊತ್ತಿಗೆ ಅವಳು ಕೇಳಿದಳು.

ಇವರು ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ ವಿವರಿಸಿದರು. ಆ ಬಿಳಿ ಚುಕ್ಕೆಯೇ ಹುಳ. ಮೀನಿನ ಚರ್ಮದೊಳಗೆ ಕೂತು ತಿಂದು ದಪ್ಪಗಾಗಿ, ಕತ್ತಲಲ್ಲಿ ಮೀನು ಮಲಗಿದಾಗ ಉದುರಿ ಬೀಳುತ್ತದೆ. ಕಲ್ಲಿಗೋ ಮರಳಿಗೋ ಅಂಟಿಕೊಂಡು ಸುತ್ತ ಚಿಪ್ಪು ಕಟ್ಟಿಕೊಳ್ಳುತ್ತದೆ. ಒಂದು ದಿನ ಚಿಪ್ಪು ಒಡೆದು ನೂರಾರು ಮರಿಗಳು ಹೊರಟು ಮೀನನ್ನು ಹುಡುಕುತ್ತವೆ. ಮೀನು ಸಿಗದಿದ್ದರೆ ಹಸಿದು ಸಾಯುತ್ತವೆ. ಎಲ್ಲಾ ಚಿಪ್ಪು ಒಡೆದು ಮುಗಿಯುವವರೆಗೆ, ಅಂದರೆ ಎರಡು ತಿಂಗಳಿಗೂ ಮೇಲೆ, ತೊಟ್ಟಿಯಲ್ಲಿ ಒಂದು ಮೀನೂ ಇರಬಾರದು.

"ಅಂದ್ರೆ ತಿಗಣೆ" ಎಂದರು ಅತ್ತೆ.

"ಹೂಂ ಅಮ್ಮಾ, ಹೆಚ್ಚು ಕಡಿಮೆ ತಿಗಣೆ ಥರಾನೇ."

"ತಿಗಣೆನ ಉಪವಾಸ ಹಾಕಿ ಸಾಯಿಸಿದೋರನ್ನ ನಾನು ನೋಡಿಲ್ಲಪ್ಪ. ಮಂಚಕ್ಕೆ ಕುದಿಯೋ ನೀರು ಹುಯ್ಯಿ, ಮುಗೀತು."

"ತೊಟ್ಟಿಗೆ ಕುದಿಯೋ ನೀರು ಹುಯ್ಯೋಕಾಗುತ್ತಾ?"

"ಎಲ್ಲಾದಕ್ಕೂ ಯಾಕೆ ಹುಯ್ತೀಯ? ಗೂಡು ಎಲ್ಲಿದೆ ನೋಡಿ ಅಲ್ಲಿಗೆ ಹುಯ್ಯಿ."

"ಗೂಡು ಎಲ್ಲಿ ಅಂತ ಹೇಳೋದು?" ಇವರು ತಮಾಷೆಗೆ ತೊಟ್ಟಿಯತ್ತ ಕೈ ತೋರಿಸಿದರು. "ನೀಲಿರಾಯ ಮಲಗ್ತಿದ್ದದ್ದು ಆ ಗುಂಡಿ ಹೂವಿನ ಕಲ್ಲಿನ ಸಂದೀಲಿ. ಉದುರಿದ್ದೆಲ್ಲಾ ಅಲ್ಲೇ ಅಂಟಿರುತ್ತೆ."

ಅಷ್ಟು ಹೇಳಿ ಅವರು ಕೈ ತೊಳೆಯಲು ಎದ್ದರು. ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆವು. ಅತ್ತೆ ತೊಟ್ಟಿಯನ್ನೇ ನೋಡುತ್ತ ಕೂತಿದ್ದರು.

ಮುಂದಿನ ದಿನಗಳು ಹಾಗೇ ಕಳೆದವು. ಟಬ್ಬಿನಲ್ಲಿ ಎರಡು ಕಿತ್ತಳೆ ಮೀನುಗಳ ಪೈಕಿ ಒಂದು ಊಟ ಬಿಟ್ಟಿತು. ಮೂಲೆಯಲ್ಲಿ ಬಾಲ ಮೇಲೆ ಮಾಡಿ ನಿಲ್ಲುತ್ತಿತ್ತು. ಚಿಟಿಕೆ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಬಚ್ಚಲಿಗೆ ಹೋಗಿ ಕೂರುತ್ತಿದ್ದಳು. "ಬೇಗ ಮನೆಗೆ ಕಳಿಸ್ತೀವಿ ಆಯ್ತಾ, ತಡ್ಕೋ" ಎಂದು ಅದಕ್ಕೆ ಸಮಾಧಾನ ಹೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅಡುಗೆಮನೆಯಲ್ಲಿ ಇರುತ್ತಿದ್ದವರು ಅತ್ತೆ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಒಬ್ಬರ ಕೋಟಿನ ತೋಳು ಬಿಚ್ಚುತ್ತಿದ್ದೆ. ಫೋನು ಬಂತು. ಚಿಟಿಕೆ.

"ಅಮ್ಮಾ, ಅಜ್ಜಿ ಸರ್‌ಪ್ರೈಸ್ ಮಾಡ್ತಿದಾರೆ. ನಿಂಗೆ ಹೇಳ್ಬೇಡ ಅಂದ್ರು. ಆದ್ರೆ ನಂಗೆ ತುಟಿ ಜುಂ ಜುಂ ಅಂತಿದೆ."

"ಏನು ತಿಂದೆ?"

"ಏನೂ ತಿಂದಿಲ್ಲ. ಬಾಯಲ್ಲಿ ನಾಣ್ಯ ಇಟ್ಕೊಂಡ ಹಾಗೆ ಕಹಿ. ಅಜ್ಜಿ ಕೆಮ್ತಾನೇ ಇದಾರೆ."

ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಓಡಿದೆ. ಬಾಗಿಲು ತೆರೆದರೆ ಅಡುಗೆಮನೆಯ ಕಿಟಕಿಗಳೆಲ್ಲ ಹಬೆಗೆ ಬೆಳ್ಳಗಾಗಿದ್ದವು. ಕೆಟ್ಟ ಸಮುದ್ರದ ವಾಸನೆ. ಸುಟ್ಟ ಕೂದಲಿನ ವಾಸನೆಯೂ ಸೇರಿದಂತಿತ್ತು. ಒಲೆಯ ಮೇಲೆ ನಮ್ಮ ಮನೆಯ ಅತಿ ದೊಡ್ಡ ಪಾತ್ರೆ ಮುಚ್ಚಳ ಕುಣಿಸುತ್ತಿತ್ತು. ಅತ್ತೆ ಗೋಡೆಗೊರಗಿ ಸ್ಟೂಲಿನ ಮೇಲೆ ಕೂತಿದ್ದರು. ಮುಖ ಬೂದಿಯಾಗಿತ್ತು. ಆದರೂ ನನ್ನನ್ನು ಕಂಡು ನಗಲು ನೋಡಿದರು.

"ಗೂಡನ್ನೇ ಎತ್ತಿ ಹಾಕ್ಬಿಟ್ಟೆ. ಇಕ್ಕಳದಲ್ಲಿ ತೆಗ್ದೆ, ಕೈ ಹಾಕಿಲ್ಲ. ಹೂವು ಆಮೇಲೆ ಚಿಗುರ್ತಾವೆ ಬಿಡು" ಎಂದರು. ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಅವರನ್ನು ಮಡಚಿ ಹಾಕಿತು.

ಯಾವ ಗೂಡು, ಯಾವ ಹೂವು? ಮುಚ್ಚಳ ಎತ್ತಿದೆ. ಹಬೆ ನೇರವಾಗಿ ಮುಖಕ್ಕೆ ಬಡಿಯಿತು. ಕಂದು ನೊರೆಯ ನಡುವೆ ನನ್ನ ಗುಂಡಿ ಹೂವಿನ ಕಲ್ಲು ಉರುಳಾಡುತ್ತಿತ್ತು. ಹೂವುಗಳು ಬೆಂದು ಲೋಳೆಯಾಗಿ ಜೋತಾಡುತ್ತಿದ್ದವು. ಅಯ್ಯೋ ಎಂದು ಮುಚ್ಚಳ ಹಾಕಿದೆ. ಆ ಕ್ಷಣದಲ್ಲಿ ನನಗೆ ಸಂಕಟವಾದದ್ದು ಕಲ್ಲಿಗಾಗಿ ಎಂಬುದನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಇವರಿಗೆ ಫೋನು ಮಾಡಿದೆ. ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಹಳ್ಳದೊಳಗಿದ್ದರು, ದನಿ ಗುಂಯ್‌ಗುಟ್ಟುತ್ತಿತ್ತು.

"ರೀ, ಅತ್ತೆಗೆ ಹುಷಾರಿಲ್ಲ. ಏನೋ ಕುದಿಸೋಕೆ ಹೋಗಿ..."

"ಏನು ಕುದಿಸಿದ್ರು?"

"ಕಲ್ಲು."

"ಯಾವ ಕಲ್ಲು?"

"ಆ ಗುಂಡಿ ಹೂವಿನ ಕಲ್ಲು. ಹುಳ ಸಾಯ್ಲಿ ಅಂತ..."

ಅವರು ಕಿರುಚಿದರು. ಮದುವೆಯಾದಾಗಿನಿಂದ ಅವರು ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ.

"ಹೊರಗೆ ಹೋಗು! ಎಲ್ಲರೂ ಹೊರಗೆ! ಉಸಿರು ಬಿಗಿಹಿಡಿ, ಒಲೆ ಆರ್ಸು, ಪಾತ್ರೆ ಮುಟ್ಬೇಡ, ಏನೂ ಮುಟ್ಬೇಡ, ಅಮ್ಮನ್ನ ಎಳ್ಕೊಂಡು ಹೊರಗೆ ಹೋಗು! ಆಂಬುಲೆನ್ಸ್ ನಾನು ಕರೀತೀನಿ!"

ಒಲೆ ಆರಿಸಿದೆ. ಚಿಟಿಕೆಯನ್ನು ಮೆಟ್ಟಿಲಿಗೆ ತಳ್ಳಿದೆ. ಅತ್ತೆಯ ಕಂಕುಳಿಗೆ ಕೈ ಹಾಕಿ ಎಳೆದೆ. ಅವರ ಕಾಲುಗಳು ನೆಲಕ್ಕೆ ಊರಲೇ ಇಲ್ಲ, ಹಿಂದೆ ಹಿಂದೆ ಬಂದವು. ಮೆಟ್ಟಿಲ ಮೇಲೆ ಕೂರಿಸಿದಾಗ ನನ್ನ ನಾಲಗೆಯ ಮೇಲೂ ಆ ಕಹಿ ಏರಿತ್ತು. ತುಟಿಯ ಸುತ್ತ ಇರುವೆ ಹರಿದ ಹಾಗೆ ಆಗತೊಡಗಿತು.

ಆಂಬುಲೆನ್ಸಿನಲ್ಲಿ ಅತ್ತೆಯ ಮೂಗಿಗೆ ಆಮ್ಲಜನಕ ಹಚ್ಚಿದರು. ಚಿಟಿಕೆ ನನ್ನ ತೊಡೆಯ ಮೇಲೆ ಮಲಗಿ, "ಅಜ್ಜಿ ಸತ್ತೋಗ್ತಾರಾ? ನೀಲಿರಾಯನ ಥರ?" ಎಂದಳು. ಇಲ್ಲ ಎಂದೆ. ಏನಾಗಿದೆಯೆಂದು ಆಗ ನನಗೇ ಗೊತ್ತಿರಲಿಲ್ಲ. ಒಂದು ಕಲ್ಲು, ಒಂದಿಷ್ಟು ಬಿಸಿನೀರು. ಇಷ್ಟಕ್ಕೆ ಮನುಷ್ಯರು ಹೀಗಾಗುತ್ತಾರೆಯೇ?

ತುರ್ತು ವಿಭಾಗದಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. "ಮೂರೂ ಜನ ಏನು ತಿಂದ್ರಿ?" ಎಂದು ಮೂರು ರೀತಿಯಲ್ಲಿ ಕೇಳಿದರು. ಕಲ್ಲು ಕುದಿಸಿದೆವು ಎಂದು ನಾನು ಹೇಳಿದಾಗ, ನನ್ನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ತಲೆ ಸರಿಯಿದೆಯೇ ಎಂದು ಪರೀಕ್ಷಿಸಿದ್ದೇನೋ. ಅಷ್ಟರಲ್ಲಿ ಇವರು ಬಂದರು. ಕೆಲಸದ ಬಟ್ಟೆಯಲ್ಲೇ, ಮೊಣಕೈವರೆಗೆ ಗ್ರೀಸು.

"ಪ್ಯಾಲಿಟಾಕ್ಸಿನ್" ಎಂದರು ಬಾಗಿಲಲ್ಲೇ. "ಅದು ಹೂವಲ್ಲ, ಪ್ರಾಣಿ. ಅದರ ಮೈಯಲ್ಲಿರೋ ವಿಷ. ಕುದಿಸಿದ್ರೆ ಸಾಯಲ್ಲ ಅದು, ಹಬೇಲಿ ಮೇಲೆ ಬರುತ್ತೆ."

ಡಾಕ್ಟರು ಮತ್ತೊಮ್ಮೆ ಹೇಳಿಸಿಕೊಂಡು ಬರೆದುಕೊಂಡರು. ತಕ್ಷಣ ವಿಷದ ಮಾಹಿತಿ ಕೇಂದ್ರಕ್ಕೆ ಫೋನು ಹಚ್ಚಿದರು, ಆ ಕಡೆಯಿಂದ ಹೇಳಿದ್ದನ್ನೆಲ್ಲ ಕೇಳಿಕೊಂಡು ನಮ್ಮತ್ತ ತಿರುಗಿದರು. "ಇದಕ್ಕೆ ಪ್ರತಿವಿಷ ಅಂತ ಇಲ್ಲ. ಉಸಿರು ನಿಲ್ಲದ ಹಾಗೆ ನೋಡ್ಕೋಬೇಕು. ನೀವಿಬ್ರೂ ಬೇಗ ಹೊರಗೆ ಬಂದಿದೀರ, ನಿಮಗೆ ಭಯ ಇಲ್ಲ. ಅಜ್ಜಿ ತುಂಬಾ ಹೊತ್ತು ಕುಡಿದಿದಾರೆ ಆ ಗಾಳಿನ." ಆಮೇಲೆ ಅತ್ತೆಯನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು.

ನಾವು ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ನನಗೂ ಚಿಟಿಕೆಗೂ ಮೂಗಿಗೆ ನಳಿಗೆ. ಅವಳು ನನಗೊರಗಿ ನಿದ್ದೆ ಹೋದಳು. ಆಗ ನನಗೆ ನಿಧಾನವಾಗಿ ಹೊಳೆಯಿತು. ಡಾಕ್ಟರಿಗೆ ಗೊತ್ತಿಲ್ಲದ ಹೆಸರು ಇವರ ನಾಲಗೆಯ ತುದಿಯಲ್ಲಿತ್ತು.

"ನಿಮಗೆ ಗೊತ್ತಿತ್ತು."

ಇವರು ಅಂಗೈಯ ಗ್ರೀಸನ್ನು ಇನ್ನೊಂದು ಅಂಗೈಯಿಂದ ಉಜ್ಜಿದರು. ಹೋಗಲಿಲ್ಲ.

"ರೀ, ನಿಮ್ಮನ್ನೇ ಕೇಳ್ತಿರೋದು."

"ತಂದಾಗ ಗೊತ್ತಿರ್ಲಿಲ್ಲ. ಆಮೇಲೆ ಅಂಗಡಿಯವನು ಹೇಳಿದ. ಗಾಯ ಇರೋ ಕೈಯಲ್ಲಿ ಮುಟ್ಬೇಡಿ, ಕಣ್ಣಿಗೆ ಸಿಡಿಸ್ಕೋಬೇಡಿ ಅಂತ."

"ಯಾವಾಗ ಹೇಳಿದ್ದು?"

"ಚಿಟಿಕೆ ಶಾಲೆಗೆ ಸೇರೋ ಮುಂಚೆ."

ಆಗ ಅವರ ನೀಲಿ ಕೈಗವಸು ಕಣ್ಣಿಗೆ ಕಟ್ಟಿತು. ಮೊಣಕೈವರೆಗೆ ಬರುವ ರಬ್ಬರಿನ ಕೈಗವಸು. ಉಪ್ಪುನೀರಿಗೆ ಕೈ ಒಡೆಯುತ್ತದೆ ಎಂದಿದ್ದರು. ನಾನು, "ಆಹಾ, ಮದುವಣಗಿತ್ತಿ ಕೈ ನೋಡು" ಎಂದು ಎಷ್ಟು ಸಲ ಚೇಷ್ಟೆ ಮಾಡಿದ್ದೇನೋ! ಅವರೂ ನಗುತ್ತಿದ್ದರು. ನಮ್ಮೆದುರಿಗೇ, ಹಾಲ್‌ನ ನಡುವೆ, ದೀಪದ ಕೆಳಗೆ, ತಮ್ಮ ಕೈಯನ್ನು ಮಾತ್ರ ಕಾಪಾಡಿಕೊಂಡು ನಗುತ್ತಿದ್ದರು.

"ಕೈಗವಸು ಹಾಕ್ಕೊಂಡ್ರಿ. ನಮಗೆ ಹೇಳ್ಲಿಲ್ಲ."

"ಹೇಳಿದ್ರೆ ತೊಟ್ಟೀನೇ ತೆಗ್ಸಿರ್ತಿದ್ದೆ ನೀನು."

"ಆ ಕಲ್ಲನ್ನಾದ್ರೂ ತೆಗೀಬಹುದಿತ್ತಲ್ಲ?"

"ನಿಂಗೆ ಇಷ್ಟ ಅಂತ... ನೀನೇ ತಾನೇ ಕೇಳಿದ್ದು ಅದನ್ನ!"

ಈ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ನಾಚಿಕೆಯಾಯಿತೇನೋ, ದನಿ ತಗ್ಗಿಸಿದರು. "ನೀರೊಳಗೆ ಇರೋವರೆಗೆ ಅದು ಏನೂ ಮಾಡಲ್ಲ ಕಣೇ. ಎಷ್ಟೋ ಮನೇಲಿ ಇದೆ. ಕಟ್ಟಿಹಾಕಿರೋ ನಾಯಿ ಬಂದು ಕಚ್ಚುತ್ತಾ? ಯಾರಾದ್ರೂ ಪಾತ್ರೇಲಿ ಹಾಕಿ ಕುದಿಸ್ತಾರೆ ಅಂತ ಕನಸು ಬಿದ್ದಿತ್ತಾ ನಂಗೆ?"

"ನಿಮ್ಮಮ್ಮ ಅಳತೆ ಟೇಪನ್ನೂ ಕುದಿಸಿದೋರು. ನಿಮಗೆ ಕನಸು ಬೇರೆ ಬೀಳ್ಬೇಕಿತ್ತಾ? ಕಟ್ಟಿಹಾಕಿರೋದು ನಾಯಿ ಅಂತ ಮನೆಯವರಿಗೆ ಹೇಳ್ಬೇಕಲ್ರೀ. ನಾವು ಮೊಲ ಅಂದ್ಕೊಂಡಿದ್ವಿ."

ನನಗೆ ಸಿಟ್ಟು ಬಂದಿರಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದಿದ್ದರೆ ಎದೆ ಹೇಗೆ ಧಸಕ್ಕೆನ್ನುತ್ತದೋ, ಹಾಗೆ. ಒಂದೇ ಸಲವಲ್ಲ. ಅವರತ್ತ ನೋಡಿದಾಗಲೆಲ್ಲ.

ಅತ್ತೆಯ ಸ್ಥಿತಿ ಮೊದಲು ಕೆಟ್ಟಿತು. ಉಸಿರಿಗೆ ಯಂತ್ರ ಹಚ್ಚಿದರು. ತೊಡೆಯ ಮಾಂಸವೆಲ್ಲ ಒಳಗೊಳಗೇ ಕರಗುತ್ತಿದೆ, ಮೂತ್ರ ಕಪ್ಪಗೆ ಬರುತ್ತಿದೆ, ಕಿಡ್ನಿ ತಡೆದುಕೊಂಡರೆ ಬದುಕುತ್ತಾರೆ ಎಂದರು ಡಾಕ್ಟರು. ನನ್ನನ್ನೂ ಚಿಟಿಕೆಯನ್ನೂ ಮನೆಗೆ ಕಳಿಸಿದರು. ಆದರೆ ಮನೆಗೆ ಹೋಗುವುದೆಲ್ಲಿಗೆ? ಅಡುಗೆಮನೆಯನ್ನು ತೊಳೆಯಲು ಮುಖವಾಡ ಹಾಕಿದವರು ಬಂದಿದ್ದರು. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊಲಿಯಲು ಬಂದ ಬಟ್ಟೆಗಳ ಮೇಲೆ ನಾವಿಬ್ಬರೂ ಮಲಗಿದೆವು. ಇವರು ಆಸ್ಪತ್ರೆಯ ಕುರ್ಚಿಯಲ್ಲಿ. ನಡುನಡುವೆ ಮನೆಗೆ ಹೋಗಿ ಟಬ್ಬಿನ ಮೀನುಗಳಿಗೆ ಊಟ ಹಾಕಿ ಬರುತ್ತಿದ್ದರು. ಊಟ ಬಿಟ್ಟಿದ್ದ ಆ ಕಿತ್ತಳೆ ಮೀನು ತಿನ್ನತೊಡಗಿದೆಯಂತೆ, ಮೈಮೇಲೆ ಒಂದು ಚುಕ್ಕೆಯೂ ಇಲ್ಲವಂತೆ. ಇದನ್ನು ಅವರು ಖುಷಿಯ ಸುದ್ದಿಯೆಂಬಂತೆ ಹೇಳಲು ಬಂದು, ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಅತ್ತೆಯ ಕಿಡ್ನಿ ತಡೆದುಕೊಂಡಿತು. ಆಸ್ಪತ್ರೆಯ ಹಳೇ ಮೂಳೆ, ಅಷ್ಟು ಸುಲಭಕ್ಕೆ ಬಗ್ಗುವುದಲ್ಲ. ಯಂತ್ರ ತೆಗೆದು ವಾರ್ಡಿಗೆ ತಂದ ದಿನ ನಾವು ಮೂವರೂ ಹೋದೆವು. ಹಾಸಿಗೆಯಲ್ಲಿ ಅತ್ತೆ ಅರ್ಧವಾಗಿದ್ದರು. ಗಂಟಲಲ್ಲಿ ಇಷ್ಟು ದಿನ ನಳಿಗೆ ಇದ್ದುದರಿಂದ ದನಿ ಕರಕರ ಎನ್ನುತ್ತಿತ್ತು. ಕಣ್ಣು ಬಿಟ್ಟು ಮಗನನ್ನು ನೋಡಿ ಕೇಳಿದ ಮೊದಲ ಮಾತು:

"ಹುಳ ಸತ್ತವಾ?"

ಪಕ್ಕದ ಹಾಸಿಗೆಯ ಸೇವೆಗೆ ಬಂದಿದ್ದ ನರ್ಸು ತಿರುಗಿ ನೋಡಿದಳು. ಇವರು ಹೂಂ ಎಂದು ತಲೆಯಾಡಿಸಿದರು. ಅತ್ತೆ ಸಮಾಧಾನದ ಉಸಿರು ಬಿಟ್ಟರು. ಆಮೇಲೆ ಕಣ್ಣು ಚಿಟಿಕೆಯ ಮೇಲೆ ಬಿತ್ತು. ಅವಳ ಕೈಯಲ್ಲಿ ಸೂಜಿ ಚುಚ್ಚಿದ ಜಾಗ ಇನ್ನೂ ಹಸಿರುಗಟ್ಟಿತ್ತು. ಅದನ್ನು ನೋಡಿದ್ದೇ ತಡ, ಅತ್ತೆಯ ಮುಖ ಕುಸಿಯಿತು.

"ನಾನು ಮಕ್ಕಳನ್ನ ಉಳಿಸೋಕೆ ಕುದಿಸ್ತಿದ್ದೋಳು ಕಣಪ್ಪ. ಎಷ್ಟು ಮಕ್ಕಳೋ! ನನ್ನ ಮೊಮ್ಮಗೂಗೇ ವಿಷ ಕಾಯಿಸಿ ಕುಡಿಸ್ದೆನಲ್ಲ. ನನ್ನ ಕೈ ಮುರೀಲಿ. ಮುದುಕಿ ಸುಮ್ನೆ ಒಂದು ಕಡೆ ಕೂತಿರ್ಬಾರ್ದಾ? ಇನ್ಮೇಲೆ ಈ ಕೈಲಿ ಒಂದು ಲೋಟ ನೀರೂ ಕಾಯ್ಸಲ್ಲ."

"ಅಮ್ಮಾ, ಮಾತಾಡ್ಬೇಡಿ, ಸುಸ್ತಾಗುತ್ತೆ" ಎಂದರು ಇವರು.

"ಸುಸ್ತಾದ್ರೆ ಆಗ್ಲಿ. ನೀನು ಆ ಹೂವುಗಳನ್ನ ಎಷ್ಟು ಕಷ್ಟಪಟ್ಟು ಸಾಕಿದ್ದೆ. ನಿಂಗೂ ಮೋಸ ಮಾಡ್ದೆ. ಕೇಳ್ದೇ ಎತ್ಕೊಂಡೆ. ಎಲ್ಲಾ ನನ್ನಿಂದ್ಲೇ."

ಅವರು ಅಳುತ್ತಿದ್ದರು, ಆದರೆ ಅಳಲು ಬೇಕಾದ ಉಸಿರು ಅವರಲ್ಲಿರಲಿಲ್ಲ. ಎದೆ ಮಾತ್ರ ಎದ್ದು ಬೀಳುತ್ತಿತ್ತು. ಪಕ್ಕದಲ್ಲಿದ್ದ ನಾಡಿ ನೋಡುವ ಯಂತ್ರ ಕಿಣಿಕಿಣಿ ಎನ್ನತೊಡಗಿತು. ನಾನು ಇವರನ್ನೇ ನೋಡುತ್ತಿದ್ದೆ. ಒಂದು ಮಾತು ಹೇಳಿದರೆ ಆ ಹೆಂಗಸಿನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಅದನ್ನು ನಾನೇ ಹೇಳಬಹುದಿತ್ತು. ಆದರೆ ಅದು ನಾನು ಹೇಳಬೇಕಾದ ಮಾತಾಗಿರಲಿಲ್ಲ. ಇವರು ಹಾಸಿಗೆಯ ಕಬ್ಬಿಣದ ಸರಳು ಹಿಡಿದು ನಿಂತಿದ್ದರು.

ಚಿಟಿಕೆ ಅಜ್ಜಿಯ ಕೆನ್ನೆ ಒರೆಸಿದಳು. "ಅಳ್ಬೇಡ ಅಜ್ಜಿ. ನಿಂಗೇನು ಗೊತ್ತಿತ್ತು? ಅದು ವಿಷ ಅಂತ ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ." ಆಮೇಲೆ ಅಪ್ಪನತ್ತ ತಿರುಗಿ, ಸಾಕ್ಷಿ ಕೇಳುವವಳ ಹಾಗೆ, "ಅಲ್ವಾ ಅಪ್ಪಾ? ನಿಂಗೂ ಗೊತ್ತಿರ್ಲಿಲ್ಲ ಅಲ್ವಾ?" ಎಂದಳು.

ಅವಳಿಗೆ ಅನುಮಾನ ಇರಲಿಲ್ಲ. ಅಪ್ಪನ ಬಾಯಿಂದ 'ಇಲ್ಲ' ಎಂಬುದು ಬಂದೇ ಬರುತ್ತದೆಂದು ಆಗಲೇ ಅಜ್ಜಿಯತ್ತ ತಿರುಗಿಬಿಟ್ಟಿದ್ದಳು.

"ಗೊತ್ತಿತ್ತು" ಎಂದರು ಇವರು.

ಚಿಟಿಕೆಯ ಕೈ ಅಜ್ಜಿಯ ಕೆನ್ನೆಯ ಮೇಲೇ ನಿಂತಿತು.

"ಗೊತ್ತಿತ್ತು, ಪುಟ್ಟಾ. ತುಂಬಾ ದಿನದಿಂದ ಗೊತ್ತಿತ್ತು. ಹೇಳಿದ್ರೆ ನಿಮ್ಮಮ್ಮ ತೊಟ್ಟಿ ತೆಗ್ಸಿಬಿಡ್ತಾಳೆ ಅಂತ ಹೇಳ್ಲಿಲ್ಲ. ಅಮ್ಮಾ, ನಿಮ್ಮ ತಪ್ಪಲ್ಲ ಇದು. ನಾನು ಹೇಳಿದ್ರೆ ನೀವು ಅದನ್ನ ಮುಟ್ತಾನೇ ಇರ್ಲಿಲ್ಲ."

ಅತ್ತೆಯ ಅಳು ನಿಂತಿತು. ಮಗನ ಮುಖವನ್ನು ಯಾರೋ ಹೊಸಬರನ್ನು ನೋಡಿದ ಹಾಗೆ ನೋಡಿದರು. ಹೆತ್ತವರು ಹಾಗೆ ನೋಡುವುದನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣುವುದು ಬೇಡ. ಆ ಕರಕರ ದನಿಯಲ್ಲಿ, "ಮಗು ಓಡಾಡೋ ಮನೆ ಕಣೋ ಅದು" ಎಂದರು. ಬೈಗುಳವಲ್ಲ. ಬರೀ ಅಷ್ಟೇ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಚಿಟಿಕೆ ಬಂದು ನನ್ನ ಹಿಂದೆ ನಿಂತಳು. ಅಪ್ಪ ಚಾಚಿದ ಕೈಯನ್ನು ಹಿಡಿಯಲಿಲ್ಲ. ಇವರು ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಇಳಿಸಿಕೊಂಡರು.

ಅಪಾಯದ್ದು ಒಂದನ್ನೂ ಮನೆಯೊಳಗೆ ತರುವುದಿಲ್ಲ ಎಂದು ಅವರು ನನಗೆ ಮಾತು ಕೊಟ್ಟಿದ್ದರು. ಆ ಮಾತನ್ನು ಅವರು ಉಳಿಸಿಕೊಳ್ಳಲಿಲ್ಲ.